ನಾಲ್ಕನೆಯ ಗಡಿಕಲ್ಲು

ವಾಲ್ದೆಸೊರ್ಬೊ
1972, ಅಕ್ಟೋಬರ್ 9, ಸೋಮವಾರ

ಪ್ರೀತಿಯ ತಮ್ಮ ಫ್ರೊಯ್ಲಾನ್,

ನಿನ್ನ ಮಂಡಿ ಈಗ ಹೇಗಿದೆ? ಈಸ್ಟರ್ ಹಬ್ಬಕ್ಕೆ ಬಂದ ಕಾರ್ಡಿನಲ್ಲಿ ‘ಕುದುರೆ ಹತ್ತುವುದು ಬಿಟ್ಟೆ’ ಎಂದು ಒಂದೇ ಸಾಲು ಬರೆದು ಸುಮ್ಮನಾಗಿದ್ದೀ. ನೋವಿಗೆ ಬಿಟ್ಟೆಯೋ, ನಿನ್ನ ಹೆಂಡತಿ ನೆಲೀದ ಬೈದಳೆಂದು ಬಿಟ್ಟೆಯೋ ಗೊತ್ತಾಗಲಿಲ್ಲ. ಅವಳು ಬೈದಿದ್ದರೆ ನನ್ನ ಕಡೆಯಿಂದಲೂ ಎರಡು ಮಾತು ಸೇರಿಸಿಕೊ. ಅರವತ್ತರ ಮಂಡಿಗೆ ಗಾಳಿ ಆಗದು, ನಿಮ್ಮ ಅರ್ಜೆಂಟೀನದ ಗಾಳಿಯಂತೂ ಕುರಿಮರಿಯನ್ನೇ ಎತ್ತಿಕೊಂಡು ಹೋಗುತ್ತದೆಂದು ನೀನೇ ಒಮ್ಮೆ ಬರೆದಿದ್ದೆ. ಕುರಿಕೊಬ್ಬು ಕರಗಿಸಿ, ಅದರಲ್ಲಿ ಒಂದು ಹಿಡಿ ಕಾಡುಪುದೀನ ಕಾಯಿಸಿ, ಬಿಸಿ ಇರುವಾಗಲೇ ತಿಕ್ಕಿ ಉಣ್ಣೆಬಟ್ಟೆ ಸುತ್ತು. ಅಲ್ಲಿ ಕಾಡುಪುದೀನ ಸಿಗದಿದ್ದರೆ ಬರೆ, ಒಣಗಿಸಿ ಲಕೋಟೆಯಲ್ಲಿ ಹಾಕುತ್ತೇನೆ. ಮೊಮ್ಮಗಳಿಗೆ ಹಲ್ಲು ಬಂತೇ? ಮೊದಲು ಮೇಲಿನದು ಬಂತೋ ಕೆಳಗಿನದೋ? ಇಂಥ ಸುದ್ದಿಯನ್ನೆಲ್ಲ ನೀನು ಬರೆಯುವುದೇ ಇಲ್ಲ, ಗಂಡಸರ ಕಾಗದ ಎಂದರೆ ಹವಾಮಾನ ಮತ್ತು ಉಣ್ಣೆ.

ನಾನು ಚೆನ್ನಾಗಿದ್ದೇನೆ. ಕೆಮ್ಮು ಬೇಸಿಗೆಯಲ್ಲೇ ಹೋಯಿತು. ಕಣ್ಣು ಮಾತ್ರ ಮಂದ, ಅದಕ್ಕೇ ಅಕ್ಷರ ಇಷ್ಟು ದೊಡ್ಡವಾಗಿವೆ. ನೀನು ಶಾಲೆಯಿಂದ ತಂದ ಸ್ಲೇಟನ್ನು ಒರೆಸುವ ಮುಂಚೆ ನೋಡಿ ನೋಡಿ ಕಲಿತ ಅಕ್ಷರ, ಮೊದಲೇ ಅಂದವಿರಲಿಲ್ಲ. ಮನೆಯಲ್ಲಿ ಎರಡು ಮೇಕೆ, ಆರು ಕೋಳಿ. ಪಕ್ಕದ ಮನೆಯ ಅಕಿಲೀನ ಎಪ್ಪತ್ತೆಂಟಕ್ಕೂ ಗಟ್ಟಿಯಾಗಿದ್ದಾಳೆ, ನಾಲಿಗೆಯೂ ಗಟ್ಟಿಯಾಗಿದೆ. ಊರಲ್ಲಿ ಈಗ ಹೊಗೆ ಏಳುವುದು ಹನ್ನೊಂದು ಮನೆಯಲ್ಲಿ. ನಿನಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುತ್ತೇನೆ. ನಾವು ಚಿಕ್ಕವರಿದ್ದಾಗ ಊರ ದನ ಮೇಯಿಸುವ ಸರದಿ ನಮ್ಮ ಮನೆಗೆ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು, ಅಷ್ಟು ಮನೆಗಳಿದ್ದವು. ಈಗ ಹನ್ನೊಂದನೆಯ ದಿನಕ್ಕೆ ಬರುತ್ತದೆ. ಮೇಯಿಸಲು ಇರುವುದು ಒಂಬತ್ತು ಹಸು. ಒಂಬತ್ತು ಹಸುಗಳಿಗೆ ಹನ್ನೊಂದು ಮನೆಯವರು ಸರದಿ ಹಾಕುವುದನ್ನು ನೋಡಿ ಹೊರಗಿನವರು ನಗುತ್ತಾರೆ. ಹಸು ಇಲ್ಲದವರೂ ಸರದಿ ಬಿಡುವುದಿಲ್ಲ, ಬಿಟ್ಟರೆ ಊರಿನವರಲ್ಲ ಎಂದಾಗುತ್ತದಲ್ಲ. ಊರ ಒಲೆಗೆ ಶನಿವಾರ ಮಾತ್ರ ಬೆಂಕಿ. ರೈ ಹಿಟ್ಟಿನ ರೊಟ್ಟಿ ಶುಕ್ರವಾರದ ಹೊತ್ತಿಗೆ ಕಲ್ಲಾಗಿರುತ್ತದೆ, ಬೆಳ್ಳುಳ್ಳಿ ಸಾರಿನಲ್ಲಿ ನೆನೆಸಿ ತಿನ್ನುತ್ತೇವೆ.

ಈಗ ಈ ಕಾಗದಕ್ಕೆ ಕಾರಣ ಬರೆಯುತ್ತೇನೆ. ನೀನು ಓದುವುದನ್ನು ಅಲ್ಲಿಗೇ ನಿಲ್ಲಿಸಿಬಿಟ್ಟೀಯೆ ಎಂಬ ಹೆದರಿಕೆಗೆ ಇಷ್ಟು ಹೊತ್ತು ಸುತ್ತಿ ಬಂದೆ. ನಾಲ್ಕನೆಯ ಗಡಿಕಲ್ಲಿನ ವಿಷಯ. ನಲವತ್ತೆರಡು ವರ್ಷದಲ್ಲಿ ನೀನೂ ಅದರ ಬಗ್ಗೆ ಬರೆದಿಲ್ಲ, ನಾನೂ ಬರೆದಿಲ್ಲ.

ಅರಣ್ಯ ಇಲಾಖೆಯವರು ಮೇಲಿನ ಹುಲ್ಲುಗಾವಲಿನಲ್ಲಿ ಪೈನ್ ಗಿಡ ಹಾಕಿಸುತ್ತಾರಂತೆ. ಸಸಿ ಬೆಳೆಸಲು ನೀರು ಬೇಕು, ನೀರೆಂದರೆ ಅಲ್ಲಿರುವುದು ಆ ಒಂದು ಬುಗ್ಗೆ. ಬುಗ್ಗೆ ಯಾವ ಊರಿನ ಗಡಿಯೊಳಗೆ ಬೀಳುತ್ತದೋ ಆ ಊರಿನ ಕಡೆಯಿಂದ ಲಾರಿ ಓಡಾಡುವ ರಸ್ತೆ ಮಾಡುತ್ತಾರೆ. ಕಲ್ಲು ಈಗ ನಿಂತ ಜಾಗದಲ್ಲೇ ಉಳಿದರೆ ರಸ್ತೆ ನಮಗೆ. ಹಿಂದಕ್ಕೆ ಸರಿದರೆ ಬುಗ್ಗೆಯೂ ರಸ್ತೆಯೂ ಗಡಿಯಾಚೆಯ ತೊರ್ಬೆನದವರಿಗೆ. ನಕ್ಷೆ ಬರೆಯಲು ಒಬ್ಬ ಎಂಜಿನಿಯರ್ ಬಂದಿದ್ದಾನೆ, ಇನ್ನೂ ಮೂವತ್ತಾಗದ ಹುಡುಗ, ಬೂಟು ನೋಡಿದರೆ ಅಯ್ಯೋ ಎನಿಸುತ್ತದೆ. ಅವನಿಗೆ ಹಳೆಯ ಕಾಗದ ಬೇಕೆಂದಾಗ ಚರ್ಚಿನಲ್ಲಿರುವ ಮೂರು ಬೀಗದ ಪೆಟ್ಟಿಗೆ ತೆಗೆಯಬೇಕಾಯಿತು. ಎರಡು ಬೀಗದಕೈ ಇಲ್ಲಿದ್ದವು, ಮೂರನೆಯದನ್ನು ಇಟ್ಟುಕೊಂಡವನು ಕೆಲಸಕ್ಕೆಂದು ಬಿಲ್ಬಾವೊ ನಗರಕ್ಕೆ ಹೋಗುವಾಗ ಜೇಬಿನಲ್ಲೇ ಹಾಕಿಕೊಂಡು ಹೋಗಿದ್ದ. ಎಂಜಿನಿಯರ್ ಒಂದು ಸುತ್ತಿಗೆ ತನ್ನಿ ಎಂದ. ಎಲ್ಲರೂ ಅವನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡ. ಬೀಗದಕೈ ಅಂಚೆಯಲ್ಲಿ ಬರುವವರೆಗೆ ಮೂರು ವಾರ ಕಾದೆವು. ಕೊನೆಗೆ ತೆಗೆದು ಗಡಿ ಬರೆದಿಟ್ಟ ಆ ಚರ್ಮದ ಹಾಳೆ ಓದಿದರೆ ಮೊದಲನೆಯ ಕಲ್ಲು ಇಂಥ ಹಳ್ಳದ ಪಕ್ಕ, ಎರಡನೆಯದು ಇಂಥ ಬಂಡೆಯ ಕೆಳಗೆ ಎಂದೆಲ್ಲ ಇದೆ. ನಾಲ್ಕನೆಯದಕ್ಕೆ ಮಾತ್ರ ‘ಎಲ್ಲರಿಗೂ ತಿಳಿದಿರುವ ಜಾಗದಲ್ಲಿ’ ಎಂದು ಬರೆದು ಮುಗಿಸಿದ್ದಾರೆ, ನಾಲ್ಕು ನೂರು ವರ್ಷದ ಹಿಂದಿನ ಪುಣ್ಯಾತ್ಮರು. ಅಕಿಲೀನ ಕೇಳಿ, “ಸರಿಯಾಗೇ ಬರ್ದಿದ್ದಾರೆ. ಎಲ್ಲರಿಗೂ ತಿಳಿದಿದೆ, ಯಾರೂ ಬಾಯ್ಬಿಡಲ್ಲ ಅಷ್ಟೆ” ಎಂದಳು.

ಹುಡುಗ ದಡ್ಡನಲ್ಲ. ಗಡಿಕಲ್ಲು ನೆಡುವಾಗ ಅದರ ಕೆಳಗೆ ಸಾಕ್ಷಿ ಹೂಳುತ್ತಾರೆಂಬುದು ಅವನಿಗೆ ಗೊತ್ತಿತ್ತು. ಪ್ರತಿ ಕಲ್ಲಿನ ಬುಡ ಅಗೆಸಿದ. ಎಲ್ಲದರ ಕೆಳಗೂ ಒಂದು ಬೊಗಸೆ ಇದ್ದಿಲು, ಎರಡಾಗಿ ಒಡೆದ ಹೆಂಚು ಸಿಕ್ಕಿತು. ನಾಲ್ಕನೆಯದರ ಕೆಳಗೆ ಬರೀ ಮಣ್ಣು. ಆಮೇಲೆ ಪಟ್ಟಣದ ಕಚೇರಿಗೆ ಹೋಗಿ ಮೂವತ್ತನೆಯ ಇಸವಿಯ ವಿಚಾರಣೆಯ ಕಾಗದ ಹುಡುಕಿ ತಂದ. ಅದರಲ್ಲಿ ನಿನ್ನ ಹೇಳಿಕೆ ಇದೆ, ಫ್ರೊಯ್ಲಾನ್. ಅದರ ಕೆಳಗೇ ನನ್ನದೂ ಇದೆ.

ನಿನ್ನೆ ಭಾನುವಾರ ಗಂಟೆ ಬಾರಿಸಿ ಚರ್ಚಿನ ಜಗುಲಿಯಲ್ಲಿ ಊರ ಸಭೆ ಸೇರಿಸಿದರು. ಈಗ ಹಿರೇತನ ನಡೆಸುವವನು ಸೆಕುಂದೀನೊ, ನಮ್ಮ ದೊಡ್ಡಪ್ಪನ ಮೊಮ್ಮಗ, ನೀನು ಹೋದಾಗ ತೊಟ್ಟಿಲಲ್ಲಿದ್ದವನು. “ದೊಡ್ಡಮ್ಮ, ಫ್ರೊಯ್ಲಾನ್ ಮಾವಂಗೆ ಒಂದು ಕಾಗದ ಬರೀಬೇಕು ನೀವು” ಎಂದ. “ಆಗ ಬುದ್ಧಿ ಬಲಿತಿರಲಿಲ್ಲ, ತಪ್ಪಾಗಿ ಹೇಳ್ದೆ ಅಂತ ಒಂದು ರುಜು ಹಾಕಿ ಕಳ್ಸಿದ್ರೆ ಸಾಕು. ಎಂಜಿನಿಯರ್ ಒಪ್ತಾನೆ. ಅಲ್ಲಿ ಕೂತವರಿಗೆ ಏನು ನಷ್ಟ ಹೇಳಿ? ಅವರು ಕಾಯೋ ಬಯಲು ನಮ್ಮ ಇಡೀ ಜಿಲ್ಲೆಯಷ್ಟಿದೆಯಂತೆ.” ಅಕಿಲೀನ ತನ್ನ ಕೋಲನ್ನು ನೆಲಕ್ಕೆ ಕುಟ್ಟಿದಳು. “ಅವನನ್ನ ಊರು ಬಿಡಿಸೋವಾಗ ಯಾರ ರುಜುನೂ ಬೇಕಿರಲಿಲ್ಲ. ಈಗ ಬೇಕಾಯ್ತೇನೋ?” “ಅಜ್ಜೀ, ಹಲ್ಲು ಹೋದ್ರೂ ಕಚ್ಚೋದು ಹೋಗಲಿಲ್ಲ ನಿಂಗೆ.” “ಮೆತ್ತಗಿರೋರು ಸಿಕ್ಕಿದ್ರೆ ಕಚ್ಚೋಕೆ ಹಲ್ಲು ಯಾಕೋ?” ಎಲ್ಲರೂ ನಕ್ಕರು, ಸೆಕುಂದೀನೊನೂ ನಕ್ಕ. ನಾನು ನಗಲಿಲ್ಲ. ನನ್ನ ಕಡೆ ಯಾರೂ ನೋಡುತ್ತಲೂ ಇರಲಿಲ್ಲ. ನಾನು ಬರೆಯುತ್ತೇನೆಂದು, ನಾನು ಕೇಳಿದರೆ ನೀನು ಇಲ್ಲವೆನ್ನುವುದಿಲ್ಲವೆಂದು ಅವರಿಗೆಲ್ಲ ನಂಬಿಕೆ.

ಸೆಕುಂದೀನೊ ಕೆಟ್ಟವನಲ್ಲ. ಕಳೆದ ಫೆಬ್ರವರಿಯ ಹಿಮದಲ್ಲಿ ಅವನ ಸೊಸೆಗೆ ಏಳು ತಿಂಗಳಿಗೇ ನೋವು ಬಂತು. ಏಣಿಗೆ ಹಾಸಿಗೆ ಕಟ್ಟಿ, ಅದರ ಮೇಲೆ ಅವಳನ್ನು ಕಟ್ಟಿ, ಆರು ಗಂಡಸರು ಕೆಳಗಿನ ಡಾಂಬರು ರಸ್ತೆಯವರೆಗೆ ಹೊತ್ತುಕೊಂಡು ಇಳಿದರು. ಆರು ಜನ ಎಂದರೆ ಊರಲ್ಲಿದ್ದ ಹೊರಬಲ್ಲ ಗಂಡಸರೆಲ್ಲ. ನಾಲ್ಕೂವರೆ ಗಂಟೆ ಹಿಡಿಯಿತು. ಹುಡುಗಿ ಉಳಿದಳು, ಮಗು ಉಳಿಯಲಿಲ್ಲ. ಅದಾದ ಮೇಲೆ ಗಂಡ ಹೆಂಡತಿ ಊರು ಬಿಡುವ ಮಾತಾಡುತ್ತಿದ್ದಾರೆ. ರಸ್ತೆ ಬಂದರೆ ಇರುತ್ತಾರೆ, ಇಲ್ಲವಾದರೆ ಇಲ್ಲ. ಅವರು ಹೋದರೆ ಹಿಂದೆಯೇ ಇನ್ನೂ ಮೂರು ಮನೆಗೆ ಬೀಗ ಬೀಳುತ್ತದೆ. ಇದನ್ನು ನಿನಗೆ ಬರೆಯದೆ ಇರುವುದು ನ್ಯಾಯವಲ್ಲ, ಅದಕ್ಕೆ ಬರೆದೆ. ಅವನು ಕೇಳುತ್ತಿರುವುದು ಹುಲ್ಲಿಗಾಗಿ ಅಲ್ಲ.

ಆದರೆ ನಿನ್ನೆಯಿಂದ ನನ್ನ ಕಣ್ಣಮುಂದೆ ಬರುತ್ತಿರುವುದು ಏಣಿಯಲ್ಲ, ಹತ್ತೊಂಬತ್ತನೆಯ ಇಸವಿಯ ಗಡಿ ನಡಿಗೆ. ಅದೇ ಕೊನೆಯದು, ಆಮೇಲೆ ಜಗಳ ಶುರುವಾಗಿ ಎರಡೂ ಊರಿನವರು ಒಟ್ಟಿಗೆ ನಡೆಯಲೇ ಇಲ್ಲ. ನಿನಗೆ ಏಳು ವರ್ಷ, ನನಗೆ ಹನ್ನೆರಡು. ಪಾದ್ರಿ ಮುಂದೆ, ತೊರ್ಬೆನದವರು ಒಂದು ಪಕ್ಕ, ನಾವು ಒಂದು ಪಕ್ಕ, ದ್ರಾಕ್ಷಾರಸದ ಚರ್ಮದ ಚೀಲ ಎರಡೂ ಕಡೆಗೆ ಓಡಾಡುತ್ತಿತ್ತು. ಒಂದೊಂದು ಕಲ್ಲಿನ ಹತ್ತಿರವೂ ಒಂದು ಮಗುವನ್ನು ನಿಲ್ಲಿಸಿ ಕಪಾಳಕ್ಕೆ ಬಾರಿಸುವುದು, ಬಾರಿಸಿದ ಕೂಡಲೇ ಕೈತುಂಬ ಅಕ್ರೋಟು ಕೊಡುವುದು. ಏಟು ಬಿದ್ದ ಜಾಗವನ್ನು ಮಗು ಸಾಯುವವರೆಗೂ ಮರೆಯುವುದಿಲ್ಲ ಎಂದು. ಮೊದಲ ಮೂರು ಕಲ್ಲಿನ ಮಕ್ಕಳೂ ಕಿರುಚಿ ಅತ್ತವು. ನಾಲ್ಕನೆಯದಕ್ಕೆ ನಿನ್ನನ್ನು ನಿಲ್ಲಿಸಿದರು. ಬೇರೆಯವರು ಮೆತ್ತಗೆ ಹೊಡೆಯುತ್ತಾರೆಂದು ಅಪ್ಪ ತಾವೇ ಮುಂದೆ ಬಂದರು. ಆ ಶಬ್ದಕ್ಕೆ ಪಾದ್ರಿಯೂ ತಿರುಗಿ ನೋಡಿದರು. “ಇದು ನಿನ್ನ ಕಲ್ಲು ಕಣೋ. ನಾವೆಲ್ಲ ಮಣ್ಣಾದ ಮೇಲೆ ಇದು ಎಲ್ಲಿತ್ತು ಅಂತ ಹೇಳೋನು ನೀನು” ಎಂದರು ಅಪ್ಪ. ನೀನು ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ಸುತ್ತ ನೋಡಿದೆ, ನಿಧಾನವಾಗಿ, ಒಂದು ಪೂರಾ ಸುತ್ತು. “ಅಕ್ಕಾ, ಎರಡು ಬಂಡೆ ಮಧ್ಯೆ ತೊರ್ಬೆನದ ಗಂಟೆಗೋಪುರ ಕಾಣ್ತದೆ ನೋಡು” ಎಂದೆ. ನಾನು ಬಗ್ಗಿ ನಿನ್ನ ಎತ್ತರಕ್ಕೆ ಬಂದು ನೋಡಿದೆ. ಕಾಣುತ್ತಿತ್ತು.

ಹದಿಮೂರಕ್ಕೆ ನೀನು ಕುರಿಹಿಂಡಿನ ಜೊತೆ ದಕ್ಷಿಣದ ಬಯಲಿಗೆ ಹೋಗಿ ಚಳಿಗಾಲ ಕಳೆದು ಬಂದವನು, ಮೇ ತಿಂಗಳಲ್ಲಿ ಮೇಲೆ ಹತ್ತಿ ನೋಡಿ ಓಡಿಬಂದೆ. “ಅಪ್ಪಾ, ನನ್ನ ಕಲ್ಲು ನಡೆದುಬಿಟ್ಟಿದೆ” ಎಂದೆ. ಅಪ್ಪ ಸಾರು ಕುಡಿಯುವುದನ್ನು ನಿಲ್ಲಿಸಲಿಲ್ಲ. “ನೀನು ಬೆಳೆದಿದ್ದೀಯ, ಅದಕ್ಕೆ ಹಂಗೆ ಕಾಣ್ತದೆ” ಎಂದರು. ಆಮೇಲೆ ನೀನು ಆ ಮಾತು ಎತ್ತಲಿಲ್ಲ, ಮೂವತ್ತನೆಯ ಇಸವಿಯಲ್ಲಿ ತೊರ್ಬೆನದವರು ದೂರು ಕೊಟ್ಟು ನ್ಯಾಯಾಧೀಶರು ಹೇಸರಗತ್ತೆಯ ಮೇಲೆ ಕೂತು ಬರುವವರೆಗೆ.

ಅವತ್ತು ನೀನು ಹೇಳಿದ ಒಂದೊಂದು ಮಾತೂ ನನಗೆ ನೆನಪಿದೆ. ಟೋಪಿ ಕೈಯಲ್ಲಿ ಹಿಡಿದು, “ಸ್ವಾಮಿ, ನಾನು ಏಟು ತಿಂದಿದ್ದು ಈ ಜಾಗದಲ್ಲಲ್ಲ. ಅಲ್ಲಿಂದ ಬಂಡೆ ಸಂದೀಲಿ ಗೋಪುರ ಕಾಣ್ತಿತ್ತು. ಇಲ್ಲಿಂದ ಕಾಣಲ್ಲ” ಎಂದೆ. ಯಾರು ಸರಿಸಿದರು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅಪ್ಪ ಎಂದು ನಿನಗೆ ಗೊತ್ತಿತ್ತು, ಹೆಸರು ಹೇಳಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಆಮೇಲೆ ನ್ಯಾಯಾಧೀಶರು, ನಡಿಗೆಯಲ್ಲಿ ಈ ಹುಡುಗನ ಪಕ್ಕ ಯಾರಿದ್ದರು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪ ತಿರುಗಲಿಲ್ಲ, ಬುಗ್ಗೆಯ ಕಡೆ ನೋಡುತ್ತಾ ನಿಂತಿದ್ದರು. ನಾನು ಹೇಳಿದೆ: “ಅವನು ಏನೂ ನೋಡಿಲ್ಲ ಸ್ವಾಮಿ. ಅಳ್ತಾ ನನ್ನ ಲಂಗದಲ್ಲಿ ಮುಖ ಮುಚ್ಕೊಂಡಿದ್ದ.”

ನಗು ಎದ್ದಿತು. ತೊರ್ಬೆನದವರೂ ನಕ್ಕರು. ಕಲ್ಲು ಇದ್ದಲ್ಲೇ ಇರಲಿ ಎಂದು ಬರೆದುಕೊಂಡು ನ್ಯಾಯಾಧೀಶರು ಹೊರಟುಹೋದರು. ಹೆಂಡದಂಗಡಿಯಲ್ಲಿ, ಒಲೆಯ ಹತ್ತಿರ, ಹುಲ್ಲು ಕೊಯ್ಯುವಲ್ಲಿ ನಿನಗೆ ‘ಅಕ್ಕನ ಲಂಗ’ ಎಂದೇ ಹೆಸರಾಯಿತು. ನೀನು ಹೋದಲ್ಲೆಲ್ಲ ಯಾರಾದರೂ ಒಬ್ಬ ಮುಖ ಮುಚ್ಚಿಕೊಂಡು ಅಳುವ ಹಾಗೆ ಮಾಡುವನು. ನಿನ್ನ ಸರದಿಯ ದಿನ ದನಗಳನ್ನು ಕಟ್ಟಿಹಾಕಿಕೊಂಡರು, ನಿನ್ನ ಜೊತೆ ಕಳಿಸಲಿಲ್ಲ. ಅದೊಂದೇ ಸಾಕಾಯಿತು. ಮೂರು ವಾರಕ್ಕೆ ನೀನು ಬಂದರಿನ ದಾರಿ ಹಿಡಿದೆ. ಹೊರಡುವಾಗ ನನ್ನನ್ನು ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ‘ಅಪ್ಪನ್ನ ನೋಡ್ಕೋ’ ಎಂದಷ್ಟೇ ಹೇಳಿದೆ. ನೋಡಿಕೊಂಡೆ. ಹದಿನಾರು ವರ್ಷ ನೋಡಿಕೊಂಡೆ. ಸಾಯುವ ಹಿಂದಿನ ದಿನ ಅಪ್ಪ ನಿನ್ನ ಹೆಸರು ಹಿಡಿದು ಕರೆದರು. ನಾನು ಅದನ್ನು ಆಗ ನಿನಗೆ ಬರೆಯಲಿಲ್ಲ. ಏನು ಹೇಳಿದರು ಎಂದು ನೀನು ಕೇಳುತ್ತೀಯೆ, ಹೆಸರಿನ ಮುಂದೆ ಏನೂ ಹೇಳಲಿಲ್ಲ ಎಂದು ಬರೆಯಬೇಕಾಗುತ್ತದೆ, ಅದಕ್ಕೆ.

ಆ ನೀರಿನಿಂದ ಊರು ಮೂವತ್ತು ವರ್ಷ ಬದುಕಿದ್ದು ನಿಜ. ದನ ಮೇಲೆಯೇ ನೀರು ಕುಡಿಯುತ್ತಿದ್ದವು, ಹಾಲು ಹೆಚ್ಚಿತು. ನನಗೂ ಆ ಹಾಲಿನ ಪಾಲು ಬಂದಿದೆ. ಈಗ ಅಲ್ಲಿ ಸೊಂಟದೆತ್ತರ ಪೊದೆ ಬೆಳೆದು ಹಸುಗಳು ಹತ್ತುವುದೇ ಇಲ್ಲ. ತೊರ್ಬೆನದಲ್ಲೂ ಮೂರೇ ಮನೆ ಉಳಿದಿವೆಯಂತೆ. ಯಾರಿಗಾಗಿ ಅಷ್ಟೆಲ್ಲ ಆಯಿತೋ ಎಂದು ಕೇಳಿಕೊಳ್ಳುತ್ತೇನೆ, ಆಮೇಲೆ ಏಣಿಯ ಮೇಲಿದ್ದ ಆ ಹುಡುಗಿಯ ಮುಖ ನೆನಪಾಗುತ್ತದೆ.

ಸೆಕುಂದೀನೊ ಬರೆಸಿದ ಕಾಗದ ಈ ಲಕೋಟೆಯಲ್ಲಿದೆ. ಆರು ಸಾಲು. ಕೆಳಗೆ ನೀನು ರುಜು ಹಾಕುವ ಜಾಗಕ್ಕೆ ಗೆರೆ ಎಳೆದಿದ್ದಾನೆ. ರುಜು ಹಾಕು ಎಂದು ಕೇಳುವ ಬಾಯಿ ನನಗಿಲ್ಲ, ಬೇಡ ಎಂದು ಹೇಳಿದರೆ ಊರಿನ ಕತ್ತು ಹಿಸುಕಿದ ಹಾಗೆ. ಅವರು ನಿನ್ನ ಕೈಯಲ್ಲೇ, ನೀನು ಕಂಡದ್ದು ಸುಳ್ಳು ಎಂದು ಬರೆಸುತ್ತಿದ್ದಾರೆ. ಒಮ್ಮೆ ನಾನು ಬಾಯಲ್ಲಿ ಹೇಳಿದ್ದನ್ನೇ. ನೀನು ಅಳಲಿಲ್ಲ, ಫ್ರೊಯ್ಲಾನ್. ಒಂದು ಹನಿಯೂ ಅಳಲಿಲ್ಲ. ಇದನ್ನಾದರೂ ನನ್ನ ಅಕ್ಷರದಲ್ಲಿ ಬರೆದು ನಿನಗೆ ತಲುಪಿಸಬೇಕೆಂದು ಎಷ್ಟೋ ವರ್ಷದಿಂದ ಇತ್ತು. ಕ್ಷಮಿಸು ಎಂದು ಕೇಳಲು ಇಷ್ಟು ತಡಮಾಡಿದವಳಿಗೆ ನೀನು ಏನು ಉತ್ತರ ಬರೆದರೂ ಸರಿ, ಬರೆಯದಿದ್ದರೂ ಸರಿ. ಎಂಜಿನಿಯರ್ ಶುಕ್ರವಾರ ಮತ್ತೆ ಬರುತ್ತಾನೆ. ನಿನ್ನ ಉತ್ತರ ಬರುವವರೆಗೆ ನಕ್ಷೆಯಲ್ಲಿ ಗಡಿಗೆರೆ ಹಾಕದೆ ಕಾಯಲು ಒಪ್ಪಿದ್ದಾನೆ.

ನೆಲೀದಳಿಗೆ ನನ್ನ ಪ್ರೀತಿ ಹೇಳು, ಅವಳ ಬೈಗುಳಕ್ಕೆ ನನ್ನ ಬೆಂಬಲ ಇದೆ ಎಂದೂ ಹೇಳು. ಮಕ್ಕಳನ್ನೂ ಹಲ್ಲು ಬರುತ್ತಿರುವ ಚಿಕ್ಕವಳನ್ನೂ ನಮ್ಮ ಊರ ಮಾತೆ ಮರಿಯ ಕಾಪಾಡಲಿ, ಅಷ್ಟು ದೂರಕ್ಕೆ ಅವಳ ಕೈ ಹೋಗುತ್ತದೆಂದು ನಂಬಿದ್ದೇನೆ. ಅಕಿಲೀನ ನೆನಪು ಹೇಳಿದ್ದಾಳೆ. ಮಂಡಿ ಬಿಸಿಯಾಗಿಟ್ಟುಕೊ.

ನಿನ್ನ ಅಕ್ಕ,
ಓಬ್ದೂಲಿಯ

ಮರೆತ ಮಾತು, ಬುಧವಾರ ಬೆಳಿಗ್ಗೆ: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಅವನ ಹೇಸರಗತ್ತೆ ನನ್ನ ಎಲೆಕೋಸಿಗೆ ಬಾಯಿ ಹಾಕುತ್ತಿದೆ, ಬೇಗ ಬರೆಯುತ್ತೇನೆ. ಲಕೋಟೆ ಒಡೆದು ಆ ರುಜುವಿನ ಕಾಗದ ತೆಗೆದುಬಿಟ್ಟೆ. ಇನ್ನು ಯಾರಾದರೂ ಅಂಥದ್ದು ಕಳಿಸಿದರೆ ಹಾಕಬೇಡ. ಎಂಜಿನಿಯರ್ ಹಿಮ ಬೀಳುವ ಮುಂಚೆ ಎಂದು ನಿನ್ನೆಯೇ ಬಂದ. ಅವನೂ ಸೆಕುಂದೀನೊನೂ ಮೇಲೆ ಹೊರಟಾಗ ನಾನೂ ಬರುತ್ತೇನೆ ಎಂದೆ. “ಯಾಕೆ ದೊಡ್ಡಮ್ಮ, ಜಾರುತ್ತೆ” ಎಂದ ಸೆಕುಂದೀನೊ, ಆದರೂ ಕೈ ಹಿಡಿದು ಹತ್ತಿಸಿದ. ಕಲ್ಲಿನಿಂದ ಊರ ಕಡೆಗೆ ನಲವತ್ತಮೂರು ಹೆಜ್ಜೆ ಎಣಿಸಿ ನಿಂತು, ಇಲ್ಲಿ ಅಗೆಯಿರಿ ಎಂದೆ. ಮೊಳದ ಆಳದಲ್ಲಿ ಇದ್ದಿಲು, ಹೆಂಚಿನ ಎರಡು ತುಂಡು. ಸೆಕುಂದೀನೊ ಅವನ್ನು ಕೈಗೆ ತೆಗೆದುಕೊಂಡು ಜೋಡಿಸಿ ನೋಡಿದ, ಕೂಡಿದವು. ಬೈಯಲಿಲ್ಲ. ಹೆಂಚನ್ನು ಎಂಜಿನಿಯರ್ ಕೈಗೆ ಕೊಟ್ಟು ಒಬ್ಬನೇ ಇಳಿದುಹೋದ. ನನ್ನ ಕೈ ಹಿಡಿದು ಇಳಿಸಿದ್ದು ಎಂಜಿನಿಯರ್. ರಸ್ತೆ ತೊರ್ಬೆನದ ಕಡೆಯಿಂದಲೇ ಬರುತ್ತದೆ. ಇವತ್ತು ನನ್ನ ದನದ ಸರದಿ. ಅಕಿಲೀನಳ ಒಂದು ಹಸು ಬಿಟ್ಟರೆ ಯಾರೂ ಕೊಟ್ಟಿಗೆ ಬಾಗಿಲು ತೆಗೆದಿಲ್ಲ. ನಿನ್ನೆ ಇಳಿಯುವ ದಾರಿಯಲ್ಲಿ ಆ ಎಂಜಿನಿಯರ್ ಹುಡುಗ ಕೇಳಿದ, “ಅಜ್ಜೀ, ಹನ್ನೆರಡು ವಯಸ್ಸಲ್ಲಿ ನೋಡಿದ್ದು, ಹೆಜ್ಜೆ ಲೆಕ್ಕ ಕೂಡ ಹೇಗೆ ನೆನಪಿದೆ?” ಅವನಿಗೆ ಹೇಳಿದ್ದನ್ನು ನಿನಗೆ ಮುಚ್ಚಿಡುವುದು ಸರಿಯಲ್ಲ, ಇಷ್ಟು ಹಾಳೆ ಬರೆದೂ ಬರೆಯಲಾಗದೆ ಹೋದದ್ದು ಇದೇ. ನೀನು ದಕ್ಷಿಣಕ್ಕೆ ಹೋಗಿದ್ದ ಆ ನವೆಂಬರಿನಲ್ಲಿ, ಸತ್ತವರ ಹಬ್ಬದ ಬೆಳಿಗ್ಗೆ ಊರೆಲ್ಲ ಸಮಾಧಿಗಳ ಹತ್ತಿರ ಇದ್ದಾಗ, ನೊಗ ಹೂಡಿ ಕಲ್ಲು ಎಳೆಸಿದ ಹಸುಗಳ ಮುಂದೆ ನಡೆದವಳು ನಾನು. ಹೆಜ್ಜೆ ಎಣಿಸಿದವಳೂ ನಾನೇ. ಅಪ್ಪ ಮೂವತ್ತಕ್ಕೇ ನಿಲ್ಲಿಸಿ ಬೆವರು ಒರೆಸಿಕೊಂಡು, “ಸಾಕು ಬಿಡು, ಪಾಪ” ಎಂದರು. ಬುಗ್ಗೆ ಇನ್ನೂ ಹೊರಗಿದೆ ಅಪ್ಪಾ, ಇನ್ನೊಂದು ಸ್ವಲ್ಪ ಎಂದು ಹಸುಗಳನ್ನು ಮತ್ತೆ ಹೊರಡಿಸಿದವಳು ನಾನು.